ಸೋತ ಪಿಚರ್‌ಗೆ ಗಂಧದ ಹಾರ

ನ್ಯಾಯ ಕೇಳಲು ಹೋಗಿ ನಗೆಪಾಟಲಾಗಿ ಬರುವುದು ನನಗೆ ಹೊಸದಲ್ಲ. ದೇಶ ಬದಲಾದರೂ ಅದು ಬದಲಾಗಲಿಲ್ಲ.

೧

೧೯೯೯ರಲ್ಲಿ ವೈಟುಕೆ ಕಂಪ್ಯೂಟರ್ ಕೆಲಸಕ್ಕೆ ಬಂದು ಅಮೆರಿಕದ ಸಮರ್‌ಸೆಟ್‌ನಲ್ಲಿ ಧಾರವಾಡದ ಗೆಳೆಯನೊಬ್ಬನ ಜೊತೆ ಬಾಡಿಗೆಗಿದ್ದೆ. ಮನೆ ಮಾಲೀಕ ಎಂಬತ್ತರ ಅಮೆರಿಕನ್ ಮುದುಕ. ಅವನಪ್ಪ ಶತಮಾನದ ಆರಂಭದಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡಿದ ಪಿಚರ್, ಅಂದರೆ ಚೆಂಡೆಸೆಯುವವನು. ಕಣ್ಣು ಮುಚ್ಚುವ ಮೊದಲು ಊರ ಮೈದಾನಕ್ಕೆ ಅಪ್ಪನ ಹೆಸರಿಟ್ಟದ್ದು ನೋಡಬೇಕೆಂದು ಮುದುಕನ ಆಸೆ. ಟೌನ್ ಆಫೀಸಿನವರು ಆರು ವರ್ಷದಿಂದ "ನೋಡೋಣ" ಅನ್ನುತ್ತಿದ್ದರು.

ನನ್ನ ರಕ್ತ ಕುದಿಯಿತು. "ಬಾಗಿಲಲ್ಲೇ ಧರಣಿ ಕೂರೋಣ!"

"ಕೂತಿದ್ದೆ," ಅಂದ ಮುದುಕ. "ಕಾಫಿ ಕೊಟ್ಟು ಮನೆಗೆ ಡ್ರಾಪ್ ಮಾಡಿದರು."

೨

ಮನವಿ ಪತ್ರ ಬರೆಯಲು ಕೂತೆವು. ಸಾಧನೆ ಬೇಕಲ್ಲ?

"ಎಷ್ಟು ಮ್ಯಾಚ್ ಗೆದ್ದರು?"

"ಹನ್ನೊಂದು."

"ಸೋತದ್ದು?"

"ಮೂವತ್ತೆಂಟು."

ಗೆಳೆಯ ನನ್ನ ಕಿವಿಯಲ್ಲಿ, "ಅಣ್ಣಾ, ಸೋತಿದ್ದು ಬರೀಬ್ಯಾಡೋ," ಅಂದ. ಮುದುಕ ಪೆನ್ನು ಕಸಿದುಕೊಂಡು ಅದನ್ನೇ ದಪ್ಪಕ್ಷರದಲ್ಲಿ ಬರೆದ.

"ಅಷ್ಟು ಸೋತವನ ಕೈಗೆ ಮತ್ತೆ ಮತ್ತೆ ಚೆಂಡು ಕೊಟ್ಟರಲ್ಲ, ಅದಕ್ಕಿಂತ ಸಾಧನೆ ಬೇಕೆ?"

೩

ಆ ಕಾಲದಲ್ಲಿ ಆಟಗಾರ ತಂಡದ ಮಾಲೀಕನ ಸೊತ್ತು. ಹೇಳದೆ ಕೇಳದೆ ಮಾರುತ್ತಿದ್ದರು. ಈ ಪಿಚರ್‌ನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಹೇಸರಗತ್ತೆ ತಗೊಂಡರಂತೆ.

"ಮನುಷ್ಯನಿಗೆ ಕತ್ತೆಯೆ? ಇದು ಜೀತ!" ಎಂದು ಕೂಗಾಡಿದೆ.

"ಹಾಗನ್ನಬೇಡ," ಅಂದ ಮುದುಕ. "ಕತ್ತೆ ಅಪ್ಪನಿಗಿಂತ ಎರಡು ಸೀಸನ್ ಜಾಸ್ತಿ ಕೆಲಸ ಮಾಡಿತು."

೪

ಕೊನೆಗೆ ಟೌನ್ ಸಭೆಯ ದಿನ ಬಂತು. ದೊಡ್ಡವರ ಹೆಸರಿಡುವಾಗ ಹಾರ ಹಾಕಿದ ಫೋಟೋ ಬೇಡವೇ? ಹಳೇ ಟೀಮ್ ಫೋಟೋದಿಂದ ಪಿಚರ್‌ನನ್ನು ಹುಡುಕಿ ದೊಡ್ಡದು ಮಾಡಿಸುವ ಕೆಲಸ ಗೆಳೆಯನದು. ಕಟ್ಟು ಹಾಕಿಸಿ, ಕುಂಕುಮವಿಟ್ಟು, ಗಂಧದ ಹಾರ ಹಾಕಿ ಸಭೆಗೇ ನೇರ ತಂದ. ನಾನು ಮೂರು ನಿಮಿಷ ಗುಡುಗಿದೆ. ಅಧ್ಯಕ್ಷೆ ಹಾರದ ಫೋಟೋ ನೋಡಿ ಕಣ್ಣೊರೆಸಿಕೊಂಡಳು. ಎಲ್ಲರೂ ಕೈ ಎತ್ತಿದರು. ಹೆಸರು ಪಾಸಾಯಿತು!

ಆಗ ಮುದುಕ ಫೋಟೋವನ್ನು ಹತ್ತಿರದಿಂದ ನೋಡಿದ. "ಇವನು ನಮ್ಮಪ್ಪ ಅಲ್ಲ."

ಗೆಳೆಯ ಫೋಟೋದತ್ತ ಬಗ್ಗಿದ. "ಎಲ್ಲರ ಕೈಯಾಗೂ ಗ್ಲೌಸ್ ಇತ್ತೋ ಅಣ್ಣಾ, ಇವಂಗೊಬ್ಬಂಗ ಇರಲಿಲ್ಲ. ಬೌಲರ್ ಎಲ್ಲರೆ ಗ್ಲೌಸ್ ಹಾಕ್ಕೋತಾನೇನು?" ಬೇಸ್‌ಬಾಲ್‌ನಲ್ಲಿ ಪಿಚರ್ ಕೂಡ ಗ್ಲೌಸ್ ಹಾಕುತ್ತಾನೆಂದು ಈ ಕ್ರಿಕೆಟ್ಟಿನವನಿಗೆ ಗೊತ್ತಿರಲಿಲ್ಲ.

"ಇವನು ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವನು," ಅಂದ ಮುದುಕ.

ನಾನು ಹಾರ ತೆಗೆಯಹೋದೆ. ಮುದುಕ ಕೈ ಹಿಡಿದ.

"ಇರಲಿ ಬಿಡು. ಅಪ್ಪ ಸೋತ ದಿನವೆಲ್ಲ ಜನರ ಕೈಲಿ ಒದೆ ತಿಂದದ್ದು ಇವನೇ."