ಭಾವನ ಮೂರನೇ ದಶಮಾಂಶ

ಸೊನ್ನೆಯ ಜೊತೆ ಕಾಲು ಕೆರೆದು ಜಗಳಕ್ಕೆ ಹೋಗುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ದುರದೃಷ್ಟಕ್ಕೆ ಅವನಿಗೇ ನಮ್ಮ ಅಕ್ಕನನ್ನು ಕೊಟ್ಟಿದ್ದೇವೆ!

ಭಾವ ಸಿದ್ದಾಪುರದಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿದ್ದವನು. ಈಗ ನಿವೃತ್ತ. ಸಂಶೋಧನೆ ಮಾಡುವವರ ಅಂಕಿ-ಅಂಶಗಳನ್ನು ತನ್ನ ಹಳೇ ಲ್ಯಾಪ್‌ಟಾಪಿನ ಸಾಫ್ಟ್‌ವೇರಿಗೆ ತುಂಬಿ, ಬಂದ ಉತ್ತರದ ಜೊತೆ ಜಗಳವಾಡುವುದು ಅವನ ದಿನಚರಿ. ಒಮ್ಮೆ ಯಲ್ಲಾಪುರದ ಹುಡುಗಿಯೊಬ್ಬಳು ತನ್ನ ಜೇನುಹುಳುಗಳ ಲೆಕ್ಕ ತಂದಿದ್ದಳು. ಉತ್ತರ ಸಣ್ಣದಾದಷ್ಟೂ ಅವಳಿಗೆ ಒಳ್ಳೆಯದು; ಪರದೆಯ ಮೇಲೆ 0.000 ಎಂದು ಬಂತು.

“ಸರ್, ಸೊನ್ನೆ!” ಎಂದಳು, ಖುಷಿಯಿಂದ.

“ಸೊನ್ನೆ ಅಲ್ಲ ತಂಗಿ! ಇದಕ್ಕೆ ಬಿಂದು ಆದ್ಮೇಲೆ ಮೂರೇ ಅಂಕೆ ಬರಿ ಹೇಳಿ ಆನೇ ಹೇಳಿಟ್ಟಿದ್ದಿ. ಉಳಿದದ್ದು ಒಳಗೆ ಕೂತಿದ್ದು, ಕಾಣ್ತಿಲ್ಲೆ ಅಷ್ಟೇಯ.”

ಪಾಪ, ಹುಡುಗಿ ಲ್ಯಾಪ್‌ಟಾಪಿನ ಹಿಂದೆ ಬಗ್ಗಿ ನೋಡಿದಳು!

ಹಾಗೆಂದು ಎಲ್ಲ ಸೊನ್ನೆಗಳೂ ಅವನ ಶತ್ರುಗಳಲ್ಲ. ಯಾರಾದರೂ .512 ಎಂದು ಬರೆದು ತಂದರೆ, ಬಿಂದುವಿನ ಎಡಕ್ಕೆ ತಾನೇ ಪೆನ್ನಿನಿಂದ ಸೊನ್ನೆ ಬರೆಯುತ್ತಾನೆ, ಒಂದೊಂದಕ್ಕೂ! “ಟೊಪ್ಪಿ ಇಲ್ದೇ ಬಂದವಕ್ಕೆಲ್ಲ ಟೊಪ್ಪಿ ಹಾಕ್ತಾ ಇದ್ರು, ಊಟಕ್ಕೆ ಬತ್ವಿಲ್ಲೆ” ಎಂದು ಅಕ್ಕ ನಗುತ್ತಿದ್ದಳು. ಕಾನಸೂರಿನ ಅಂಗಡಿಯಲ್ಲಿ ಅವನು “ಸಕ್ಕರೆ ಎರಡು ಪಾಯಿಂಟ್ ಐದು ಸೊನ್ನೆ ಕಿಲೋ” ಎಂದು ಕೇಳಿದಾಗ ಅಂಗಡಿಯವನು ಗಂಭೀರವಾಗಿ, “ಆ ಸೊನ್ನೆನ ಬೇರೆ ಪೊಟ್ಟಣ ಕಟ್ಲಾ ಸರ್?” ಎಂದನಂತೆ.

ಕಳೆದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಶಿರಸಿಯ ವೈದ್ಯರು ದಿನಾ ವ್ಯಾಯಾಮ ಮಾಡಿಸಿ ಎಂದರು, ಭರವಸೆ ಮಾತ್ರ ಕೊಡಲಿಲ್ಲ. ಭಾವ ದಿನಾ ಬೆಳಿಗ್ಗೆ ಅವಳ ತೋರುಬೆರಳು ಮೇಜಿನಿಂದ ಎಷ್ಟು ಏಳುತ್ತದೆಂದು ಸ್ಕೇಲು ಹಿಡಿದು ಹತ್ತು ಸಲ ಅಳೆದು ಬರೆದಿಡುತ್ತಿದ್ದ. ಅದನ್ನೂ ಮೀಟರಿನಲ್ಲಿ! ಬೆರಳನ್ನು ಮೀಟರಿನಲ್ಲಿ ಅಳೆಯುವ ಗಂಡ ಇನ್ನೆಲ್ಲಿ ಸಿಗಬೇಕು?

ತಿಂಗಳಾದ ಮೇಲೆ ಸರಾಸರಿ ತೆಗೆದ. ನಾನೂ ಅಲ್ಲೇ ಇದ್ದೆ. ಪರದೆಯಲ್ಲಿ 0.00 ಬಂತು. ಅಕ್ಕನೂ ನೋಡಿಬಿಟ್ಟಳು.

“ಸೊನ್ನೆ ಅಲ್ದಾ? ಸಾಕು. ಇನ್ನು ಯನ್ನ ಗೋಳು ಹೊಯ್ಕಳಡಿ” ಎಂದು ಮುಖ ತಿರುಗಿಸಿದಳು. ನಾಳೆಯಿಂದ ವ್ಯಾಯಾಮ ಇಲ್ಲ ಎಂದೇ ಅದರ ಅರ್ಥ.

ಮಿಲಿಮೀಟರಿನಲ್ಲಿ ಬರೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಎನ್ನಲು ಹೋದೆ. ಅಷ್ಟರಲ್ಲಿ ಭಾವ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ. ಬೇರೆ ಯಾರದೋ ಲೆಕ್ಕಕ್ಕೆಂದು ಎರಡಕ್ಕೆ ಇಳಿಸಿದ್ದ ಅಂಕೆಗಳ ಮನೆಯನ್ನು ಮೂರು ಮಾಡಿ, ಅದನ್ನು ಅವಳ ಮುಂದಿಟ್ಟ.

0.002.

“ಒಳಗೆ ಕೂತಿದ್ದು, ನೋಡು” ಎಂದ.

ಅಕ್ಕ ಕೊನೆಯ ಅಂಕೆಯತ್ತ ಬಗ್ಗಿ ನೋಡಿದಳು. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟುಕೊಂಡು, “ಸ್ಕೇಲು ತನ್ನಿ” ಎಂದಳು.

ಆ ದಿನದ್ದು 0.003. ಇಷ್ಟು ವರ್ಷ ಭಾವನನ್ನು ನೋಡಿ ನಕ್ಕ ನಾನು ಕೊನೆಯ ಅಂಕೆಯನ್ನು ಎರಡು ಸಲ ಓದಿದೆ, ಮೊದಲ ಸಲ ಕಣ್ಣು ಮಂಜಾಗಿತ್ತು.