ಪಿಂಡದ ಮೇಲೆ ಕಂಡ ಬೆಳಕು

ಹೆಂಡತಿ ಚಂದ್ರಿಕಾ ಇನ್ನಿಲ್ಲವೆಂದು ಆಸ್ಪತ್ರೆಯಿಂದ ಫೋನು ಬಂದಾಗ ರಘುನಾಥರಾಯರು ಒಲೆಯ ಮುಂದೆ ನಿಂತು, ಅವಳಿಗೆ ಕೊಂಡೊಯ್ಯಬೇಕಾಗಿದ್ದ ಗಂಜಿಯನ್ನು ಆರಿಸುತ್ತಿದ್ದರು. ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಆರಿಸುತ್ತಲೇ ಇದ್ದರು. ಸುದ್ದಿ ತಿಳಿದು ನಗರದ ಮೌಂಟ್ ಆಲ್ಬರ್ಟ್ ಬಡಾವಣೆಯಿಂದ ನಾದಿನಿ ಜಯಲಕ್ಷ್ಮಿ, ಗಂಡ ಚಿದಾನಂದನನ್ನು ಎಳೆದುಕೊಂಡು, ರಾಯರು ನೆಲೆಸಿದ್ದ ಪರದೇಶದ ಪುಟ್ಟ ಊರು ಪುಕೆಕೊಹೆಗೆ ಓಡಿಬಂದಳು. ಭಾವನ ಮುಂದೆ ಕೂತು ಮನಸಾರೆ ಅತ್ತಳು. ಕಣ್ಣೊರೆಸಿಕೊಂಡವಳೇ ಕೇಳಿದಳು:

“ಭಾವ, ಹತ್ತನೇ ದಿನಕ್ಕೆ ಕಾಗೆಗೆ ಏನ್ಮಾಡೋದು? ಈ ಊರಲ್ಲಿ ಕಾಗೇನೇ ಇಲ್ವಲ್ಲ!”

ತೊಂದರೆ ಶುರುವಾದದ್ದು ಅಲ್ಲಿಂದ.

ಹತ್ತನೆಯ ದಿನ ಬಂತು. ಪುರೋಹಿತರು ಕಾರ್ಯ ಮುಗಿಸಿ, ಹಿತ್ತಲಿನ ಬೇಲಿಗಂಬದ ಮೇಲೆ ಬಾಳೆಯೆಲೆಯ ತುಂಡು ಹಾಸಿ ಪಿಂಡ ಇಟ್ಟರು. “ಇಲ್ಲಿ ಕಾಗೆ ಬರಲ್ಲ ರಾಯರೇ, ಯಾವ ಪ್ರಾಣಿ ಮುಟ್ಟಿದ್ರೂ ಸರಿ, ದೇವರು ಅರ್ಥ ಮಾಡ್ಕೋತಾನೆ” ಎಂದು ಹೇಳಿ, ನ್ಯೂ ಲಿನ್ ಬಡಾವಣೆಯಲ್ಲಿ ಕಾದಿದ್ದ ಇನ್ನೊಂದು ಕಾರ್ಯಕ್ಕೆ ಹೊರಟುಹೋದರು.

ಯಾವ ಪ್ರಾಣಿಯೂ ಮುಟ್ಟಲಿಲ್ಲ. ಕಪ್ಪುಬಿಳುಪಿನ ಮ್ಯಾಗ್‌ಪೈ ಹಕ್ಕಿಯೊಂದು ಬಂದು, ಸರ್ಕಾರಿ ಗುಮಾಸ್ತ ಅರ್ಜಿ ನೋಡುವಂತೆ ಒಂದೇ ಕಣ್ಣಿನಲ್ಲಿ ನೋಡಿ ಹಾರಿಹೋಯಿತು. ಮಧ್ಯಾಹ್ನ ಕಳೆಯಿತು. ಪಿಂಡ ಮುಟ್ಟುವ ತನಕ ತೊಟ್ಟು ನೀರೂ ಕುಡಿಯುವುದಿಲ್ಲವೆಂದು ಜಯಲಕ್ಷ್ಮಿ ಹಟ ಹಿಡಿದು ಕೂತಿದ್ದಳು.

“ಅಕ್ಕನಿಗೆ ಏನೋ ಆಸೆ ಉಳಿದಿದೆ ಭಾವ. ಏನು ಅಂತ ನಿಮಗೂ ಗೊತ್ತು. ನೀವೊಬ್ಬರೇ ಇಲ್ಲಿರೋದು ಅವಳಿಗೆ ಇಷ್ಟ ಇಲ್ಲ. ನಮ್ಮನೆಗೆ ಬರ್ತೀನಿ ಅಂದ್ಬಿಡಿ.”

ರಾಯರು ತಲೆ ತಗ್ಗಿಸಿದರು. ನಾದಿನಿಯ ಮನೆಯಲ್ಲಿ ಬೆಳಗ್ಗೆ ಹಾಗಲಕಾಯಿ ರಸ, ಸಂಜೆ ಷಡ್ಡಕ ಚಿದಾನಂದನ ಉಪನ್ಯಾಸ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಇಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲಿ ಚಂದ್ರಿಕಾಳ ಸ್ವೆಟರ್ ಇನ್ನೂ ನೇತಾಡುತ್ತಿತ್ತು. ಈ ಮನೆ ಬಿಟ್ಟರೆ ಅವಳನ್ನು ಎರಡನೆಯ ಸಲ ಕಳೆದುಕೊಂಡಂತೆ ಎಂದು ಅವರಿಗೆ ಅನಿಸುತ್ತಿತ್ತು.

ಚಳಿಗಾಲದ ಸಂಜೆ ಬೇಗ ಕತ್ತಲಾಯಿತು. ಹಿತ್ತಲು ಕಾಣದಾಯಿತು. ಕಾರ್ಯಕ್ಕೆ ಬಂದಿದ್ದ ಪಕ್ಕದ ಮನೆಯ ಪ್ರಭಾ ಉಪಾಯ ಹೇಳಿದಳು: “ನಮ್ಮ ಬೀದಿಯ ಯಶ್ವಂತ್ ಹತ್ರ ಕತ್ತಲಲ್ಲಿ ಕಾಣೋ ದುರ್ಬೀನಿದೆ ಕಣ್ರೀ. ತರಕಾರಿ ತೋಟದವರಿಗೆ ಮೊಲ ಹೊಡ್ಕೊಡ್ತಾನಲ್ಲ, ಅವನು.”

ಯಶ್ವಂತ್ ತೋಟದಿಂದ ನೇರವಾಗಿ ಹಿಂಬದಿ ತೆರೆದ ತನ್ನ ಯೂಟ್ ಗಾಡಿಯಲ್ಲಿ ಬಂದ. ದುರ್ಬೀನು ಒಂದೇ ಬರಲಿಲ್ಲ, ಜೊತೆಗೆ ರೈಫಲೂ ಬಂತು.

“ರಾಮ ರಾಮ! ಕಾರ್ಯದ ಮನೆಗೆ ಬಂದೂಕಾ?” ಎಂದು ಜಯಲಕ್ಷ್ಮಿ ಚೀರಿದಳು.

“ಗುಂಡು ಹಾರಿಸೋ ಬೋಲ್ಟನ್ನೇ ಬಿಚ್ಚಿ ಜೇಬಲ್ಲಿ ಇಟ್ಕೊಂಡಿದೀನಿ ಆಂಟಿ. ಈಗ ಇದು ಬರೀ ದೊಣ್ಣೆ. ಮುಂದೆ ಇರೋ ಗಾಜು ಗುರಿ ತೋರಿಸೋ ಹೋಲೋಗ್ರಾಫಿಕ್ ಸೈಟು. ಅದರ ಹಿಂದೆ ರಾತ್ರಿ ದುರ್ಬೀನು ಕೂರಿಸಿದೀನಿ. ಬಿಚ್ಚಿದ್ರೆ ಮತ್ತೆ ಹೊಂದಿಸೋಕೆ ಒದ್ದಾಡ್ಬೇಕು. ಹೀಗೇ ನೋಡ್ಬಿಡಿ.”

ಅವನು ರೈಫಲನ್ನು ಹಿತ್ತಲ ಕಡೆಯ ಮರದ ಜಗಲಿಯಂಥ ಡೆಕ್ಕಿನ ಮೇಲೆ, ಅದರದೇ ಪುಟ್ಟ ಕಾಲುಗಳಲ್ಲಿ ನಿಲ್ಲಿಸಿ, ಕಂಬದ ಕಡೆಗೆ ತಿರುಗಿಸಿದ. ಅಷ್ಟರಲ್ಲಿ ತೋಟದ ಯಜಮಾನನ ಫೋನು ಬಂತು. ಡೆಕ್ಕಿನ ಮೂಲೆಗೆ ಹೋಗಿ, ಬೆನ್ನು ತಿರುಗಿಸಿ ನಿಂತು ಮೊಲಗಳ ವರದಿ ಒಪ್ಪಿಸತೊಡಗಿದ.

ರಾಯರು ಕಚ್ಚೆಪಂಚೆಯಲ್ಲಿ ಬೋರಲು ಮಲಗಿ ದುರ್ಬೀನಿಗೆ ಕಣ್ಣಿಟ್ಟರು. ಸತ್ಯನಾರಾಯಣ ಪೂಜೆಗೆ ಹೊರಟವರನ್ನು ಯಾರೋ ತಪ್ಪಿ ಗಡಿ ಕಾಯಲು ಕಳಿಸಿದಂತಿತ್ತು.

“ಏನ್ ಕಾಣ್ತಿದೆ ಭಾವ?”

ರಾಯರು ದುರ್ಬೀನಿಗೆ ಇನ್ನಷ್ಟು ಒತ್ತಿಕೊಂಡರು. ಹಸಿರು ಮಬ್ಬಿನ ನಡುವೆ, ಪಿಂಡವಿದ್ದ ಜಾಗದಲ್ಲೇ, ಹುಣ್ಣಿಮೆಯ ಚಂದ್ರನಂಥ ಬೆಳಕಿನ ಉಂಡೆ ತುಂಬಿಕೊಂಡಿತ್ತು. ತಲೆಯೆತ್ತಿ ಬರಿಗಣ್ಣಲ್ಲಿ ನೋಡಿದರು. ಬರೀ ಕತ್ತಲು. ಮತ್ತೆ ಬಗ್ಗಿದರು. ಬೆಳಕು!

“ಚಂದ್ರೀ...” ಎಂದರು.

ಅವರನ್ನು ಸರಿಸಿ ಚಿದಾನಂದ ನೋಡಿದ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವನಿಗೆ ಮಾತು ನಿಂತಿತು. ಪ್ರಭಾ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು. “ಚಂದ್ರಿಕಾ, ನಿಮ್ಮ ಇಡ್ಲಿ ಪಾತ್ರೆ ನಾಳೇನೇ ತಂದ್ಕೊಡ್ತೀನಿ ಕಣ್ರೀ! ಮರೆತಿದ್ದೆ ಅಷ್ಟೇ, ದೇವರಾಣೆ!”

ಬೆಳಕು ಕದಲಲಿಲ್ಲ.

“ಅತ್ತಿಗೆ, ನಿಮ್ಮ ಹುಳಿಗೆ ಉಪ್ಪು ಜಾಸ್ತಿ ಅಂತ ಇನ್ಮೇಲೆ ಯಾವತ್ತೂ ಹೇಳಲ್ಲ” ಎಂದು ಚಿದಾನಂದ ಕೈಮುಗಿದ.

“ಇನ್ನು ಹೇಳೋಕೆ ಎಲ್ಲಿದೆ ರೀ ಆ ಹುಳಿ!” ಎಂದು ಜಯಲಕ್ಷ್ಮಿ ಬಿಕ್ಕಿದಳು.

ರಾಯರು ಮತ್ತೆ ಮಲಗಿ ಕಣ್ಣಿಟ್ಟರು. “ಬಿ.ಪಿ. ಮಾತ್ರೆ ತಪ್ಪಿಸಲ್ಲ ಕಣೇ. ನೀರು ಹಾಕೋದು ಮರೆತು ನಿನ್ನ ಗಿಡ ಒಣಗಿಸಲ್ಲ.”

ಬೆಳಕು ಹಾಗೆಯೇ ಇತ್ತು. ಹಿಂದೆ ನಿಂತಿದ್ದ ಜಯಲಕ್ಷ್ಮಿಯ ತುಟಿ ನೀರಿಲ್ಲದೆ ಒಣಗಿತ್ತು. “ಭಾವ, ಅವಳನ್ನ ಇನ್ನೆಷ್ಟು ಕಾಯಿಸ್ತೀರಿ? ಆ ಒಂದು ಮಾತು ಹೇಳಬಾರ್ದಾ?”

ರಾಯರು ಕಣ್ಣು ತೆಗೆಯದೆಯೇ ಹೇಳಿದರು. “ಆಯ್ತು ಚಂದ್ರಿ. ಮನೆ ಬಿಡ್ತೀನಿ. ನಿನ್ನ ತಂಗಿ ಮನೆಗೆ ಹೋಗ್ತೀನಿ.”

ಯಾರೋ ಊದಿ ದೀಪ ಆರಿಸಿದಂತೆ ಬೆಳಕು ಆರಿತು.

“ಹೋದಳು!” ಎಂದರು ರಾಯರು.

“ಒಪ್ಕೊಂಡ್ಲು!” ಎಂದು ಜಯಲಕ್ಷ್ಮಿ ಗೋಳೋ ಎಂದು ಅತ್ತಳು. ಅಳುತ್ತಲೇ ತಂಬಿಗೆ ನೀರು ಗಟಗಟನೆ ಕುಡಿದಳು. ಪ್ರಭಾ ಅವಳ ತೋಳು ಹಿಡಿದು ಒಳಗೆ ಊಟಕ್ಕೆ ಕರೆದೊಯ್ದಳು. ಚಿದಾನಂದ ಅವರ ಹಿಂದೆಯೇ ನಡೆದ.

ಯಶ್ವಂತ್ ಫೋನು ಮುಗಿಸಿ ಬಂದ. ರಾಯರು ನಡೆದದ್ದನ್ನು ಹೇಳಿದರು. ಕೇಳುತ್ತ ಕೇಳುತ್ತ ಅವನ ಮುಖ ಸಪ್ಪಗಾಯಿತು.

“ಅಂಕಲ್, ಹೆಂಗ್ ಹೇಳ್ಲಿ... ಮಧ್ಯಾಹ್ನ ಬಿಸಿಲಲ್ಲಿ ಮೊಲಕ್ಕೆ ಹೋಗಿದ್ದೆ. ಸೈಟು ಹಗಲಿನ ಬ್ರೈಟ್‌ನೆಸ್‌ನಲ್ಲೇ ಉಳಿದಿತ್ತು. ಅದರ ಗಾಜಲ್ಲಿ ಗುರಿ ತೋರಿಸೋಕೆ ಒಂದು ಬೆಳಕಿನ ಚುಕ್ಕೆ ಇರುತ್ತೆ, ಅದು ರಾತ್ರಿ ದುರ್ಬೀನಲ್ಲಿ ಹಾಗೇ ಊದ್ಕೊಂಡು ಕಾಣುತ್ತೆ. ತುಂಬ ಹೊತ್ತು ಯಾರೂ ಬಟನ್ ಮುಟ್ಟದಿದ್ರೆ, ಬ್ಯಾಟರಿ ಉಳಿಸೋಕೆ ಅದೇ ಆಫ್ ಆಗ್ಬಿಡುತ್ತೆ.”

ಅವನು ಬಗ್ಗಿ ಸೈಟಿನ ರಾತ್ರಿಯ ಬಟನ್ ಒತ್ತಿದ. ರಾಯರು ನೋಡಿದರು. ಈಗ ಎಲ್ಲವೂ ಸ್ಪಷ್ಟ. ಕಂಬ, ಬಾಳೆಯೆಲೆ, ಪಿಂಡ. ಒಂದು ಅಗುಳೂ ಕದಲಿರಲಿಲ್ಲ.

“ನನ್ನದೇ ತಪ್ಪು ಅಂಕಲ್. ಒಳಗೆ ಹೋಗಿ ಹೇಳ್ಬಿಡ್ತೀನಿ. ನೀವ್ಯಾಕೆ ಮನೆ ಬಿಡ್ಬೇಕು?”

ರಾಯರು ಕಿಟಕಿಯತ್ತ ನೋಡಿದರು. ಅಕ್ಕ ಹೋದ ದಿನದಿಂದ ಅನ್ನ ಕೆದಕಿ ಏಳುತ್ತಿದ್ದ ಜಯಲಕ್ಷ್ಮಿ, ಸಾರು ಕಲಸಿ ತುತ್ತಿನ ಮೇಲೆ ತುತ್ತು ಇಡುತ್ತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ರಾಯರು ಯಶ್ವಂತನ ತೋಳು ಹಿಡಿದುಕೊಂಡರು.

“ಬೇಡಪ್ಪ. ಅವಳು ಊಟ ಮಾಡ್ತಿದಾಳೆ.”

“ಆಮೇಲೆ ಹೇಳ್ಲಾ?”

“ಆಮೇಲೂ ಬೇಡ.”

“ಭಾವಾ, ಬನ್ನಿ, ಅನ್ನ ಆರುತ್ತೆ! ನಾಳೆ ಬೆಳಗ್ಗೇನೇ ಹೊರಡೋದು!” ಎಂದು ಒಳಗಿನಿಂದ ಕೂಗು ಬಂತು.

“ಬಂದೆ ಜಯಾ” ಎಂದ ರಾಯರು ಒಳಗೆ ಹೋಗಲಿಲ್ಲ. ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು, ತಡವರಿಸುತ್ತ ಬೇಲಿಗಂಬದ ಹತ್ತಿರ ಹೋಗಿ, ಕತ್ತಲಲ್ಲೇ ಕೈಮುಗಿದು ನಿಂತರು.

“ನಾರಾಯಣ, ಬೆಳಕು ಬ್ಯಾಟರಿಯದು. ಕೊಟ್ಟ ಮಾತು ಮಾತ್ರ ನನ್ನದು, ಅದನ್ನು ನಡೆಸುತ್ತೇನೆ. ಕಾಗೆ ಬರಲಿಲ್ಲವೆಂದು ಅವಳನ್ನು ಹೊರಗೆ ನಿಲ್ಲಿಸಬೇಡ. ಬಹಳ ದಿನ ನೋವು ತಿಂದಿದ್ದಾಳೆ. ನಿನ್ನ ಪಾದದ ಬಳಿ ಜಾಗ ಕೊಡು. ನನ್ನ ಚಂದ್ರಿಕಾಳ ಆತ್ಮಕ್ಕೆ ಶಾಂತಿ ಕೊಡು.”