ಬಾಯಿ ಮೂಸುವ ಕರಾರು

ಎಲ್ಲಕ್ಕೂ ಕಾರಣ ಕುಲಗೋಡದ ಟ್ರ್ಯಾಕ್ಟರ್ ಡ್ರೈವರ್ ಕರೆಪ್ಪನ ಒಂದು ದವಡೆ ಹಲ್ಲು. ಅದಕ್ಕೆ ಕೈಕೊಡಲು ಬೇರೆ ದಿನವೇ ಸಿಗಲಿಲ್ಲ. ಅವನು ಕುಡಿತ ಬಿಟ್ಟು ಅಂದಿಗೆ ಸರಿಯಾಗಿ ನೂರು ದಿನ.

ಹಿಂದಾಗಿದ್ದರೆ ಒಂದು ಕ್ವಾರ್ಟರಿಗೆ ಹಲ್ಲೂ ಮಲಗುತ್ತಿತ್ತು, ಕರೆಪ್ಪನೂ ಮಲಗುತ್ತಿದ್ದ. ಈಗ ಹಾಗಿಲ್ಲ. ಅವನ ಕುಡಿತಕ್ಕೆ ಬೇಸತ್ತು ಮಸಗುಪ್ಪಿಯ ತವರು ಸೇರಿದ್ದ ಹೆಂಡತಿ ಕಸ್ತೂರಿ, ನೂರು ದಿನ ಮುಟ್ಟದಿದ್ದರೆ ಮಾತ್ರ ಮರಳಿ ಬರುವೆನೆಂದಿದ್ದಳು. ಅತ್ತೆ ಲಗಮವ್ವ ಅದಕ್ಕೊಂದು ಕರಾರು ಸೇರಿಸಿದ್ದಳು. ಪಕ್ಕದ ಮನೆಯ ಸತ್ತೆವ್ವ ದಿನಾ ಸಂಜೆ ಅಳಿಯನ ಬಾಯಿ ಮೂಸಿ ಫೋನಿನಲ್ಲಿ ವರದಿ ಒಪ್ಪಿಸಬೇಕು. ಸತ್ತೆವ್ವ ಒಂದು ಸಂಜೆಯೂ ತಪ್ಪಿಸಿರಲಿಲ್ಲ, ಅವನು ಹಸಿ ಬೆಳ್ಳುಳ್ಳಿ ತಿಂದ ದಿನವೂ ಬಿಟ್ಟಿರಲಿಲ್ಲ.

ಬೆಳಿಗ್ಗೆ ಗೋಕಾಕಕ್ಕೆ ಹೋಗಿ ಹಲ್ಲು ಕೀಳಿಸಿಕೊಂಡ. ಇಂಜೆಕ್ಷನ್ನಿಗೆ ಅರ್ಧ ಮುಖ ಮರಗಟ್ಟಿತು, ನಾಲಿಗೆ ಒದ್ದೆ ಗೋಣಿಚೀಲದಂತೆ ಬಿದ್ದುಕೊಂಡಿತು. ಬಾಯಿಂದ ಜೊಲ್ಲು, ಔಷಧದ ಘಾಟು. ನಿದ್ದೆಗೆಟ್ಟ ಕಣ್ಣು ಕೆಂಪಡರಿದ್ದವು. ಹೆಂಡತಿಯನ್ನು ಕರೆತರಲು ಈ ಅವತಾರದಲ್ಲೇ ಬಸ್ ಸ್ಟ್ಯಾಂಡಿಗೆ ಬಂದರೆ, ಮಸಗುಪ್ಪಿಗೆ ಸಾಕ್ಷಿ ಹೇಳಲು ಹೊರಟಿದ್ದ ಸತ್ತೆವ್ವ ಎದುರಿಗೇ ನಿಂತಿದ್ದಳು.

“ಕಾಕಿ, ಹಯ್ಯು... ಕೀಹೀನಿ,” ಎಂದ ಕರೆಪ್ಪ.

ಸತ್ತೆವ್ವ ಮೂಗು ಮುಂದೆ ತಂದವಳು ಥಟ್ಟನೆ ಹಿಂದೆ ಸರಿದಳು. “ನೂರನೇ ದಿನಾನ ಕೆಡಿಸಿದ್ಯಲ್ಲೋ ನನ್ನಪ್ಪಾ. ಇದೊಂದ ದಿನ ತಡಕೊಳ್ಳಾಕ ಆಗಲಿಲ್ಲೇನು?” ಎಂದು ಅಲ್ಲೇ ಮಸಗುಪ್ಪಿಗೆ ಫೋನು ಹಚ್ಚಿದಳು.

ಬಸ್ಸಿನಲ್ಲಿ ಕಂಡಕ್ಟರ್ ಅವನನ್ನು ಕಿಟಕಿ ಪಕ್ಕ ಕೂರಿಸಿದ. “ವಾಂತಿ ಬಂದ್ರ ಹೊರಗ ಮಾಡ್ರಿ ಯಜಮಾನ್ರ.” ಬಾಜೂ ಸೀಟಿನವನು ಗುಟಕಾ ಉಗುಳುತ್ತ, ಚಟ ಬಿಡುವುದು ಹೇಗೆಂದು ದಾರಿಯುದ್ದಕ್ಕೂ ಉಪದೇಶ ಮಾಡಿದ. ಕರೆಪ್ಪನಿಗೆ ಅಳುವೇ ಬಂತು.

ಮಸಗುಪ್ಪಿಯಲ್ಲಿ ಲಗಮವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಹಿಂದೆ ಕಸ್ತೂರಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದೇ ಬಸ್ಸಿನಲ್ಲಿ ಬಂದಿಳಿದ ಸತ್ತೆವ್ವ ಲಗಮವ್ವನ ಪಕ್ಕಕ್ಕೆ ಹೋಗಿ ನಿಂತಳು. ಕರೆಪ್ಪ ಮಾತಿಗೆ ಹೋಗದೆ ಜೇಬಿನ ಕಾಗದ ಬಿಚ್ಚಿ ಹಲ್ಲು ತೋರಿಸಿ, ಬಾಯಿ ಅಗಲಿಸಿದ.

“ಅಯ್ಯ, ಹಲ್ಲ ಕಿತ್ತಾರ. ಬಾಯಾಗ ಇಟ್ಟ ಹತ್ತಿ ತುಂಬ ರಕ್ತ ಐತಿ,” ಎಂದಳು ಕಸ್ತೂರಿ.

ಅಷ್ಟರಲ್ಲಿ ಇಂಜೆಕ್ಷನ್ ಇಳಿದು ನೋವು ನೆತ್ತಿಗೇರಿತು. ಕರೆಪ್ಪ ಕೆನ್ನೆ ಹಿಡಿದು ಕಟ್ಟೆಯ ಮೇಲೆ ಕುಸಿದ. ಲಗಮವ್ವನಿಗೆ ಇನ್ನೂ ನಂಬಿಕೆಯಿಲ್ಲ. ಅಳಿಯನನ್ನು ಪರೀಕ್ಷಿಸಲೆಂದು ಒಳಗೆ ಹೋಗಿ ಜೋಳದ ಚೀಲದ ಹಿಂದಿನಿಂದ ಒಂದು ಸಾರಾಯಿ ಬಾಟಲಿ ತಂದಳು.

“ಒಂದ ಗುಟುಕ ಬಾಯಾಗ ಹಿಡ್ಕೋರಿ, ನೋವು ಇಳಿತೈತಿ.”

ಕರೆಪ್ಪ ಬಾಟಲಿ ನೋಡಿದ. ಮೈಯೆಲ್ಲ ಅತ್ತ ಎಳೆಯುತ್ತಿತ್ತು. ಕಸ್ತೂರಿಯನ್ನು ನೋಡಿದ. “ಒಲ್ಲೆನ್ರಿ ಅತ್ತಿ. ಹಲ್ಲು ಇನ್ನೂ ಮೂವತ್ತೊಂದ ಅದಾವು, ಹೆಂಡತಿ ಒಬ್ಬಾಕಿನ.”

ಕಸ್ತೂರಿಗೆ ಇನ್ನೇನು ಬೇಕು? ಓಡಿಹೋಗಿ ತನ್ನ ಬಟ್ಟೆಯ ಚೀಲ ತಂದಳು. ಆಗ ಅವಳ ಕಣ್ಣು ಬಾಟಲಿಯ ಮೇಲೆ ಬಿತ್ತು.

“ಅವ್ವಾ, ಇದು ಅರ್ಧ ಯಾಕ ಖಾಲಿ ಐತಿ?”

“ಮೊಣಕಾಲಿಗೆ ತಿಕ್ಕೊಂಡೀನ ಬಿಡ.”

ಅಭ್ಯಾಸಬಲದಿಂದ ಸತ್ತೆವ್ವನ ಮೂಗು ತಾನಾಗಿಯೇ ಲಗಮವ್ವನ ಬಾಯಿಯತ್ತ ಹೊರಳಿತು. “ಹೌದೇನವ್ವಾ? ನಿನ್ನ ಮೊಣಕಾಲು ಬಾಯಾಗ ಐತೇನು?”

ಕಸ್ತೂರಿ ಮತ್ತೊಮ್ಮೆ ಒಳಗೆ ಹೋದಳು. ಈ ಸಲ ತಂದದ್ದು ಅವ್ವನ ಚೀಲ. “ನಡಿ, ನೀನೂ ಕುಲಗೋಡಕ್ಕ. ನೂರು ದಿನ ನಮ್ಮನ್ಯಾಗ ಇರು.” ಗಂಡನತ್ತ ತಿರುಗಿ ಹೇಳಿದಳು: “ದಿನಾ ಸಂಜೀಕ ಇಕಿ ಬಾಯಿ ನೀವ ಮೂಸಿ ನೋಡ್ರಿ.”

ಕರೆಪ್ಪ ಎರಡೂ ಚೀಲ ಹೊತ್ತು ಬಸ್ಸಿನ ದಾರಿ ಹಿಡಿದ. ಹೆಂಡತಿ ಜೊತೆಗಿದ್ದಳು, ಕೆನ್ನೆ ಬಾತಿದ್ದರೂ ಅವನಿಗೆ ನಗು ತಡೆಯಲಾಗಲಿಲ್ಲ. ಅವರ ಹಿಂದೆ ಲಗಮವ್ವ ಆಗಲೇ ಯಾಲಕ್ಕಿ ಜಗಿಯುತ್ತ ಬರುತ್ತಿದ್ದಳು.